ಇಂಗ್ಲೆಂಡಿನ ರಾಜ ಚರ್ಚಿಗೂ ಯಜಮಾನನಾದದ್ದಕ್ಕೂ ಜನ ಅಮೆರಿಕದ ಹಡಗು ಹತ್ತಿದ್ದಕ್ಕೂ ಏನು ಸಂಬಂಧ?

ತುಂಗಾತೀರ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. "ಅಮ್ಮಾ, ಇಂಗ್ಲೆಂಡಿನ ರಾಜನೂ ಕ್ರೈಸ್ತ, ಅಮೆರಿಕಕ್ಕೆ ಹೋದವರೂ ಕ್ರೈಸ್ತರೇ. ಓದೋದು ಒಂದೇ ಬೈಬಲ್. ಮತ್ತೆ ಯಾವ ಧರ್ಮಸ್ವಾತಂತ್ರ್ಯ ಹುಡುಕ್ಕೊಂಡು ಅಷ್ಟು ದೂರ ಹೋದ್ರು?"

ನನಗೆ ಗೊತ್ತಿದ್ದದ್ದು ಇಷ್ಟೇ. ಎಂಟನೇ ಹೆನ್ರಿಗೆ ಹೆಂಡತಿಯನ್ನು ಬಿಡಬೇಕಿತ್ತು, ಪೋಪ್ ಒಪ್ಪಲಿಲ್ಲ, ರಾಜ ತನ್ನದೇ ಚರ್ಚ್ ಮಾಡಿಕೊಂಡ. ಅಲ್ಲಿಂದ ಆ ಜನ ಅಮೆರಿಕಕ್ಕೆ ಹೋದ ಮೇಫ್ಲವರ್ ಹಡಗಿನವರೆಗೆ ಸುಮಾರು ತೊಂಬತ್ತು ವರ್ಷ. ನಡುವೆ ಏನಾಯಿತು? ತಿಳಿದವರು ಬಿಡಿಸಿ ಹೇಳಿ. ಅವಳಿಗೆ ಓದಿ ಹೇಳುತ್ತೇನೆ.


ಹಳೇಪುಟ
ಶನಿವಾರ, ರಾತ್ರಿ 10:25

ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೊದಲು ಹೆನ್ರಿಯ ಭಾಗ ಬರೆಯುತ್ತೇನೆ.

ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಆಗ ಅವನಷ್ಟು ಪೋಪನಿಗೆ ಬೇಕಾದ ರಾಜ ಇನ್ನೊಬ್ಬನಿರಲಿಲ್ಲ. ಜರ್ಮನಿಯಲ್ಲಿ ಪೋಪನ ವಿರುದ್ಧ ಎದ್ದಿದ್ದ ಲೂಥರನ ವಿರುದ್ಧ ಸ್ವತಃ ಪುಸ್ತಕ ಬರೆದು, 1521ರಲ್ಲಿ ಪೋಪನಿಂದ "ನಂಬಿಕೆಯ ರಕ್ಷಕ" ಎಂಬ ಬಿರುದು ಪಡೆದವನು ಅವನು. ಹೆಂಡತಿ ಆರಗಾನಿನ ಕ್ಯಾಥರಿನ್ ಮೊದಲು ಅವನ ಅಣ್ಣನಿಗೆ ಮದುವೆಯಾಗಿದ್ದವಳು. ಅಣ್ಣ ತೀರಿಕೊಂಡ ಮೇಲೆ ಪೋಪನ ವಿಶೇಷ ಅನುಮತಿ ತಂದು ಹೆನ್ರಿ ಅವಳನ್ನು ಮದುವೆಯಾಗಿದ್ದ. ಮಕ್ಕಳಲ್ಲಿ ಉಳಿದದ್ದು ಮೇರಿ ಎಂಬ ಹೆಣ್ಣುಮಗು ಒಂದೇ. 1527ರ ಹೊತ್ತಿಗೆ ಅವನು "ಅಣ್ಣನ ಹೆಂಡತಿಯನ್ನು ಮದುವೆಯಾದದ್ದೇ ಪಾಪ, ಈ ಮದುವೆ ಮದುವೆಯೇ ಅಲ್ಲ ಅಂತ ಘೋಷಿಸಿ" ಎಂದು ರೋಮಿಗೆ ಬೆನ್ನು ಹತ್ತಿದ.

ಪೋಪ್ ಒಪ್ಪದೆ ಹೋದದ್ದಕ್ಕೆ ಶಾಸ್ತ್ರಕ್ಕಿಂತ ಸೈನ್ಯ ದೊಡ್ಡ ಕಾರಣ. ಅದೇ 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಪಡೆ ರೋಮ್ ನಗರವನ್ನು ಲೂಟಿ ಮಾಡಿತ್ತು, ಪೋಪ್ ಅವನ ಹಿಡಿತದಲ್ಲಿದ್ದ. ಆ ಚಾರ್ಲ್ಸ್ ಬೇರಾರೂ ಅಲ್ಲ, ಕ್ಯಾಥರಿನಳ ಅಕ್ಕನ ಮಗ.

ಆರೇಳು ವರ್ಷ ಕಾದ ಮೇಲೆ ಹೆನ್ರಿ ಪಾರ್ಲಿಮೆಂಟಿನ ಮೂಲಕ ದಾರಿ ಮಾಡಿಕೊಂಡ. 1533ರ ಕಾಯ್ದೆ ಇಂಗ್ಲೆಂಡಿನ ಮೊಕದ್ದಮೆಗಳು ರೋಮಿಗೆ ಮೇಲ್ಮನವಿ ಹೋಗುವುದನ್ನು ತಡೆಯಿತು. 1534ರ ಕಾಯ್ದೆ ರಾಜನನ್ನೇ ಇಂಗ್ಲೆಂಡಿನ ಚರ್ಚಿಗೆ ಈ ಲೋಕದಲ್ಲಿ ಪರಮ ಮುಖ್ಯಸ್ಥ ಎಂದಿತು. ಜೊತೆಗೆ ಪ್ರಮಾಣ ಮಾಡಿಸುವ ಕ್ರಮವೂ ಬಂತು. ಪ್ರಮಾಣ ಮಾಡಲು ಒಪ್ಪದ ಥಾಮಸ್ ಮೋರ್, ಬಿಷಪ್ ಜಾನ್ ಫಿಶರ್ ಇಬ್ಬರ ತಲೆಯೂ 1535ರಲ್ಲಿ ಉರುಳಿತು. ಮೋರ್ ಅದಕ್ಕೆ ಕೆಲವೇ ವರ್ಷ ಮುಂಚೆ ಅದೇ ರಾಜನ ಚಾನ್ಸಲರ್ ಆಗಿದ್ದವನು.

ಮಗಳಿಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. 1534ರ ತನಕ ಪೂಜೆ ಪ್ರಾರ್ಥನೆಯಲ್ಲಿ ತಪ್ಪು ಮಾಡಿದರೆ ಅದು ಪಾಷಂಡತನ. ಅದಾದ ಮೇಲೆ ಅದು ರಾಜದ್ರೋಹವೂ ಆಯಿತು. ಬೈಬಲ್ ಒಂದೇ, ನಿಜ. ಆದರೆ ಹೇಗೆ ಪ್ರಾರ್ಥಿಸುತ್ತೀರಿ ಅನ್ನುವುದರಿಂದ ನೀವು ರಾಜನ ಕಡೆಯವರೋ ಅಲ್ಲವೋ ಎಂದು ಅಳೆಯಲು ಶುರುಮಾಡಿದರು.


ಕೋಟೆಬೀದಿ
ಶನಿವಾರ, ರಾತ್ರಿ 10:41

ಅಂದರೆ ಹೆನ್ರಿ ಲೂಥರನಂತೆ ಪ್ರಾಟೆಸ್ಟೆಂಟ್ ಆದ, ಅಲ್ಲವೇ?


ಹಳೇಪುಟ
ಶನಿವಾರ, ರಾತ್ರಿ 11:05

ಇಲ್ಲ, ಎಲ್ಲರೂ ತಪ್ಪು ತಿಳಿಯುವುದು ಅಲ್ಲೇ. ಪೋಪನನ್ನು ಬಿಟ್ಟ, ಹಳೆಯ ನಂಬಿಕೆಯನ್ನು ಬಿಡಲಿಲ್ಲ. 1539ರ ಆರು ಸೂತ್ರಗಳ ಕಾಯ್ದೆ ಪಾದ್ರಿಗಳ ಮದುವೆಯನ್ನು ನಿಷೇಧಿಸಿತು. ಪೂಜೆಯ ರೊಟ್ಟಿ ಯೇಸುವಿನ ಶರೀರವೇ ಆಗುತ್ತದೆ ಎಂಬುದನ್ನು ಅಲ್ಲಗಳೆದವರಿಗೆ ಬೆಂಕಿಯ ಶಿಕ್ಷೆ ಇಟ್ಟಿತು.

1540ರ ಜುಲೈ 30ರ ಒಂದು ದಿನ ಸಾಕು ಅವನನ್ನು ಅರ್ಥಮಾಡಿಕೊಳ್ಳಲು. ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಅಂದು ಆರು ಜನರನ್ನು ಕೊಂದರು. ಮೂವರು ಪ್ರಾಟೆಸ್ಟೆಂಟ್ ಬೋಧಕರು, ಅವರನ್ನು ಪಾಷಂಡಿಗಳೆಂದು ಸುಟ್ಟರು. ಮೂವರು ಪೋಪನಿಗೆ ನಿಷ್ಠರಾದ ಪಾದ್ರಿಗಳು, ಅವರನ್ನು ದ್ರೋಹಿಗಳೆಂದು ಗಲ್ಲಿಗೆ ಹಾಕಿದರು. ಒಂದೇ ದಿನ, ಒಂದೇ ಜಾಗ. ಎರಡೂ ಕಡೆಯವರು ಮಾಡಿದ ತಪ್ಪು ಒಂದೇ: ರಾಜ ಗೆರೆ ಎಳೆದ ಕಡೆ ನಿಲ್ಲಲಿಲ್ಲ.


ದಾವಣಗೆರೆ_ಮೇಷ್ಟ್ರು
ಭಾನುವಾರ, ಬೆಳಿಗ್ಗೆ 7:15

ಹಳೇಪುಟ ಅವರು ಬರೆದದ್ದೆಲ್ಲ ಸರಿ. ಆದರೆ ಮದುವೆಯ ಕಥೆಯನ್ನೇ ಹೇಳುತ್ತಾ ಹೋದರೆ ಜಮೀನಿನ ಕಥೆ ಬಿಟ್ಟುಹೋಗುತ್ತದೆ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು, ಮಕ್ಕಳಿಗೆ ಮದುವೆಯ ಭಾಗ ಬೇಗ ನಾಟುತ್ತದೆ, ನಿಜ. ಆದರೆ ಇಂಗ್ಲೆಂಡನ್ನು ತಿರುಗಿ ಹಿಂದಕ್ಕೆ ಹೋಗದಂತೆ ಮಾಡಿದ್ದು ಜಮೀನು.

ಆಗ ದೇಶದಲ್ಲಿ ಸನ್ಯಾಸಿಗಳ, ಸನ್ಯಾಸಿನಿಯರ ಮಠಗಳು ಸುಮಾರು 800 ಇದ್ದವು. 1536ರ ಕಾಯ್ದೆ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚಿತು. 1540ರೊಳಗೆ ದೊಡ್ಡವೂ ಹೋದವು. ಛಾವಣಿಯ ಸೀಸ ಕರಗಿಸಿದರು, ಗಂಟೆಗಳನ್ನು ಇಳಿಸಿದರು, ಗ್ರಂಥಭಂಡಾರಗಳು ಚೆಲ್ಲಾಪಿಲ್ಲಿಯಾದವು. ತಕರಾರಿಲ್ಲದೆ ಬಿಟ್ಟುಕೊಟ್ಟ ಸನ್ಯಾಸಿಗಳಿಗೆ ಪಿಂಚಣಿ ಸಿಕ್ಕಿತು. ಗ್ಲಾಸ್ಟನ್‌ಬರಿಯ ಮುದಿ ಮಠಾಧಿಪತಿ ರಿಚರ್ಡ್ ವೈಟಿಂಗ್‌ನನ್ನು 1539ರಲ್ಲಿ ಊರ ಪಕ್ಕದ ಗುಡ್ಡದ ಮೇಲೆ ನೇಣು ಹಾಕಿದರು.

ಮಠ ಅಂದರೆ ಪೂಜೆ ಮಾತ್ರವಲ್ಲ. ದಾರಿಹೋಕರಿಗೆ ಊಟ, ಬಡವರಿಗೆ ದಾನ, ರೋಗಿಗಳಿಗೆ ಹಾಸಿಗೆ, ಗೇಣಿಗೆ ಗದ್ದೆ ಎಲ್ಲವೂ ಅಲ್ಲಿಯೇ. ನಮ್ಮ ಕಡೆ ದಾಸೋಹ ನಡೆಸುವ ಮಠಗಳನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಉತ್ತರ ಇಂಗ್ಲೆಂಡಿನವರು 1536ರ ಚಳಿಗಾಲದ ಹೊಸ್ತಿಲಲ್ಲಿ ದಂಗೆ ಎದ್ದರು. ಸುಮಾರು 30,000 ಜನ, ಮುಂದೆ ಯೇಸುವಿನ ಐದು ಗಾಯಗಳ ಬಾವುಟ. ನಾಯಕ ರಾಬರ್ಟ್ ಆಸ್ಕ್ ಎಂಬ ವಕೀಲ. ರಾಜ ಮಾತುಕತೆಯ ಆಸೆ ತೋರಿಸಿ ಜನರನ್ನು ಮನೆಗೆ ಕಳಿಸಿದ, ಮರುವರ್ಷ ಯಾರ್ಕಿನಲ್ಲಿ ಆಸ್ಕ್‌ನನ್ನು ಸರಪಳಿಯಲ್ಲಿ ತೂಗುಹಾಕಿಸಿದ.

ವಶವಾದ ಭೂಮಿಯನ್ನು ಹೆನ್ರಿ ಫ್ರಾನ್ಸಿನ ಮೇಲಿನ ಯುದ್ಧಕ್ಕೆಂದು ಮಾರಿ ಕಳೆದ. ಕೊಂಡವರು ಊರೂರಿನ ಜಮೀನುದಾರರು. ಮುಂದೆ ಮಗಳು ಮೇರಿ ರಾಣಿಯಾಗಿ 1554ರಲ್ಲಿ ದೇಶವನ್ನು ಮತ್ತೆ ಪೋಪನಿಗೆ ಒಪ್ಪಿಸಿದಾಗಲೂ ಪಾರ್ಲಿಮೆಂಟು ಒಂದು ಷರತ್ತು ಹಾಕಿಯೇ ಒಪ್ಪಿತು: ಮಠದ ಭೂಮಿ ಕೊಂಡವರ ಹತ್ತಿರವೇ ಇರಬೇಕು. ಅವಳಷ್ಟು ಭಕ್ತಿಯುಳ್ಳ ಕ್ಯಾಥೊಲಿಕ್ ರಾಣಿಗೂ ಕೊಂಡವರಿಂದ ಅದನ್ನು ಬಿಡಿಸಿಕೊಡಲು ಆಗಲಿಲ್ಲ. ನಂಬಿಕೆ ಹಿಂದೆ ಮುಂದೆ ಹೋಗಬಹುದು, ಕ್ರಯಪತ್ರ ಆದ ಜಮೀನು ಹೋಗಲಿಲ್ಲ.


ನುಡಿಜೇನು
ಭಾನುವಾರ, ಬೆಳಿಗ್ಗೆ 9:02

ಭಾಷೆಯ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೆನ್ರಿಯ ಮಗ ಆರನೇ ಎಡ್ವರ್ಡನ ಕಾಲದಲ್ಲಿ, 1549ರಲ್ಲಿ, ಲ್ಯಾಟಿನ್ ಪೂಜೆ ತೆಗೆದು ಇಂಗ್ಲಿಷಿನ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದರು. ಜನರ ನುಡಿಯಲ್ಲಿ ದೇವರ ಮಾತು, ಕೇಳುವುದಕ್ಕೆ ಚೆಂದ. ಆದರೆ ಕಾರ್ನ್‌ವಾಲಿನ ಜನರ ನುಡಿ ಇಂಗ್ಲಿಷ್ ಅಲ್ಲ, ಕಾರ್ನಿಷ್. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು, ಈ ಹೊಸ ಪೂಜೆ ಬೇಡ ಎಂದು ಅವರು ಬರೆದು ಕಳಿಸಿದರು. ಡೆವನ್, ಕಾರ್ನ್‌ವಾಲ್ ಎರಡೂ ಕಡೆ ದಂಗೆಯಾಗಿ ಸಾವಿರಾರು ಜನ ಸತ್ತರು. ಕಾರ್ನಿಷಿಗೆ ಪ್ರಾರ್ಥನಾ ಪುಸ್ತಕವೂ ಸಿಗಲಿಲ್ಲ, ಬೈಬಲೂ ಸಿಗಲಿಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಮನೆಮಾತಾಗಿ ಅದು ನಿಂತೇಹೋಯಿತು.

ಪಕ್ಕದ ವೇಲ್ಸ್‌ಗೆ ಹೆನ್ರಿಯ ಕಿರಿಮಗಳು ಎಲಿಜಬೆತ್ ರಾಣಿಯ ಕಾಲದಲ್ಲಿ ವೆಲ್ಷ್ ಅನುವಾದಕ್ಕೆ ಕಾಯ್ದೆಯೇ ಆಯಿತು. 1588ರಲ್ಲಿ ವಿಲಿಯಂ ಮಾರ್ಗನ್ ಪೂರ್ತಿ ಬೈಬಲನ್ನು ವೆಲ್ಷಿಗೆ ತಂದ. ವಾರವಾರವೂ ಚರ್ಚಿನಲ್ಲಿ ತಮ್ಮ ನುಡಿ ಕಿವಿಗೆ ಬಿದ್ದ ವೆಲ್ಷರ ಭಾಷೆ ಇವತ್ತಿಗೂ ಬದುಕಿದೆ. ಒಂದೇ ರಾಜಮನೆತನ, ಎರಡು ಭಾಷೆ, ಎರಡು ಹಣೆಬರಹ.


ಹಳೇಪುಟ
ಭಾನುವಾರ, ಬೆಳಿಗ್ಗೆ 11:30

ಮೇಷ್ಟ್ರೇ, ಜಮೀನಿನ ಮಾತು ಒಪ್ಪಿದೆ. ನುಡಿಜೇನು ಅವರಿಗೆ ವಿಶೇಷ ವಂದನೆ, ಈ ಎರಡು ಭಾಷೆಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನಾನು ಯೋಚಿಸಿರಲಿಲ್ಲ.

ಮುಂದಿನ ಭಾಗಕ್ಕೆ ಬರುತ್ತೇನೆ. ಎಡ್ವರ್ಡನ ಕಾಲದಲ್ಲಿ ದೇಶ ಪ್ರಾಟೆಸ್ಟೆಂಟ್, ಮೇರಿಯ ಕಾಲದಲ್ಲಿ (1553–58) ಕ್ಯಾಥೊಲಿಕ್. ಮೇರಿಯ ಕಾಲದಲ್ಲಿ 280ರಷ್ಟು ಜನರನ್ನು ಸುಟ್ಟರು, ಅವರಲ್ಲಿ ಹೆನ್ರಿಯ ಮದುವೆ ಮುರಿದುಕೊಟ್ಟ ಆರ್ಚ್‌ಬಿಷಪ್ ಕ್ರಾನ್ಮರ್ ಕೂಡ ಒಬ್ಬ. 1558ರಲ್ಲಿ ಎಲಿಜಬೆತ್ ಬಂದಳು. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಊರ ಚರ್ಚಿನಲ್ಲಿ ಮೂರು ಬೇರೆ ಬೇರೆ ಪೂಜೆ ಕಲಿತ ಕಾಲ ಅದು.

ಎಲಿಜಬೆತ್ 1559ರಲ್ಲಿ ಎರಡು ಕೆಲಸ ಮಾಡಿದಳು. ಒಂದು, "ಮುಖ್ಯಸ್ಥೆ" ಎನ್ನದೆ ಚರ್ಚಿನ "ಪರಮ ಅಧಿಕಾರಿ" ಎಂದು ಹೆಸರು ಬದಲಿಸಿಕೊಂಡಳು. ಎರಡು, ಭಾನುವಾರ ಊರ ಚರ್ಚಿಗೆ ಬಾರದವರಿಗೆ ತಲಾ 12 ಪೆನ್ಸ್ ದಂಡ ಹಾಕಿದಳು. ಕೂಲಿಯವನಿಗೆ ಅದು ಎರಡು ಮೂರು ದಿನದ ದುಡಿಮೆ. 1570ರಲ್ಲಿ ಪೋಪ್ ಅವಳನ್ನು ಬಹಿಷ್ಕರಿಸಿ, ಅವಳಿಗೆ ವಿಧೇಯರಾಗಿರಬೇಕಿಲ್ಲ ಎಂದು ಪ್ರಜೆಗಳಿಗೆ ಸಾರಿದ. ಅಲ್ಲಿಂದ ಪ್ರತಿಯೊಬ್ಬ ಕ್ಯಾಥೊಲಿಕನ ಮೇಲೂ ಅನುಮಾನ. 1581ರಲ್ಲಿ ದಂಡ ತಿಂಗಳಿಗೆ 20 ಪೌಂಡಿಗೆ ಏರಿತು, ಎಷ್ಟೋ ಮನೆತನಗಳು ಅದರಿಂದಲೇ ಮುಳುಗಿದವು.

ಇತ್ತ ಇನ್ನೊಂದು ಗುಂಪಿಗೆ ಈ ಚರ್ಚ್ ಸಾಕಷ್ಟು ಶುದ್ಧವಾಗಿಲ್ಲ ಎಂಬ ಸಂಕಟ. ಪಾದ್ರಿಯ ಬಿಳಿ ನಿಲುವಂಗಿ ಏಕೆ, ಮದುವೆಗೆ ಉಂಗುರ ಏಕೆ, ಮಗುವಿನ ಹಣೆಗೆ ಶಿಲುಬೆ ಗುರುತು ಏಕೆ, ಪ್ರಸಾದಕ್ಕೆ ಮಂಡಿಯೂರುವುದೇಕೆ? ಇವ್ಯಾವೂ ಬೈಬಲಿನಲ್ಲಿಲ್ಲ ಎನ್ನುತ್ತಿದ್ದರು. ಇವರೇ ಪ್ಯೂರಿಟನ್ನರು. ಅವರಲ್ಲಿ ಹೆಚ್ಚಿನವರು ಒಳಗಿದ್ದೇ ಸರಿಮಾಡೋಣ ಎಂದವರು. ಇದು ಸರಿಹೋಗುವ ಚರ್ಚಲ್ಲ, ಹೊರಗೆ ಬಂದು ನಮ್ಮದೇ ಸಭೆ ಕಟ್ಟೋಣ ಎಂದವರು ಚಿಕ್ಕ ಗುಂಪು, ಬೇರ್ಪಟ್ಟವರು. ರಾಜ್ಯಕ್ಕೆ ಇವರೇ ಹೆಚ್ಚು ಅಪಾಯಕಾರಿ. ಬಿಷಪ್ ಬೇಡ, ಸಭೆಯೇ ತನ್ನ ಪಾದ್ರಿಯನ್ನು ಆರಿಸಿಕೊಳ್ಳಲಿ ಅಂದಮೇಲೆ, ಬಿಷಪ್ಪನನ್ನು ನೇಮಿಸುವ ರಾಣಿಗೆ ಅಲ್ಲೇನು ಕೆಲಸ? 1593ರಲ್ಲಿ ಬ್ಯಾರೋ, ಗ್ರೀನ್‌ವುಡ್, ಪೆನ್ರಿ ಮೂವರನ್ನೂ ನೇಣಿಗೇರಿಸಿದರು. ಅದೇ ವರ್ಷದ ಕಾಯ್ದೆ ಚರ್ಚಿಗೆ ಬರಲು ಕೊನೆತನಕ ಒಪ್ಪದವರು ದೇಶ ಬಿಡಬೇಕು, ತಿರುಗಿ ಬಂದರೆ ಮರಣದಂಡನೆ ಎಂದಿತು.

1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಹೊಸ ರಾಜ ಜೇಮ್ಸ್ ಪ್ಯೂರಿಟನ್ನರ ಅಹವಾಲು ಕೇಳಿದ. ಬಿಷಪ್ ಇಲ್ಲದಿದ್ದರೆ ರಾಜನೂ ಇಲ್ಲ ಎಂಬುದು ಅವನ ನಿಲುವು. ಸಭೆಯಿಂದ ಹೊಸ ಬೈಬಲ್ ಅನುವಾದವೊಂದು ಹುಟ್ಟಿತು, 1611ರಲ್ಲಿ ಅಚ್ಚಾಯಿತು. ಉಳಿದ ಬೇಡಿಕೆಗಳಲ್ಲಿ ಈಡೇರಿದ್ದು ಅಲ್ಪಸ್ವಲ್ಪ.


ಬಾಸ್ಟನ್_ಪಕ್ಕದವಳು
ಭಾನುವಾರ, ಸಂಜೆ 6:48

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಮೇಫ್ಲವರ್ ಜನ ನೆಲೆಸಿದ ಪ್ಲಿಮತ್ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ. ಮುಂದಿನ ಕಥೆ ನಾನು ಹೇಳಲೇ?

ನಾಟಿಂಗ್‌ಹ್ಯಾಮ್‌ಶೈರಿನ ಸ್ಕ್ರೂಬಿ ಎಂಬ ಹಳ್ಳಿ. ಅಲ್ಲಿಯ ಅಂಚೆ ನೋಡಿಕೊಳ್ಳುತ್ತಿದ್ದ ವಿಲಿಯಂ ಬ್ರೂಸ್ಟರ್‌ನ ಮನೆಯಲ್ಲಿ ಈ ಬೇರ್ಪಟ್ಟವರು ಗುಟ್ಟಾಗಿ ಸೇರುತ್ತಿದ್ದರು. ಅವನಿದ್ದ ಮನೆ ಯಾರ್ಕಿನ ಆರ್ಚ್‌ಬಿಷಪ್ಪನ ಆಸ್ತಿ! 1607ರಲ್ಲಿ ಹಾಲೆಂಡಿಗೆ ತಪ್ಪಿಸಿಕೊಳ್ಳಲು ಹೋಗಿ ಲಿಂಕನ್‌ಶೈರಿನ ಬಾಸ್ಟನ್‌ನಲ್ಲಿ ಸಿಕ್ಕಿಬಿದ್ದರು. ಪರವಾನಗಿ ಇಲ್ಲದೆ ದೇಶ ಬಿಡುವುದೂ ಅಪರಾಧ. ಇರಲೂ ಬಿಡರು, ಹೋಗಲೂ ಬಿಡರು. ಮರುವರ್ಷ ಹೇಗೋ ಆಮ್‌ಸ್ಟರ್‌ಡ್ಯಾಮ್ ಸೇರಿ, 1609ರಲ್ಲಿ ಲೈಡನ್‌ಗೆ ಹೋದರು.

ಲೈಡನ್‌ನಲ್ಲಿ ಅವರನ್ನು ಯಾರೂ ಕಾಡಲಿಲ್ಲ, ಇದನ್ನು ನಿಮ್ಮ ಮಗಳಿಗೆ ಹೇಳಲೇಬೇಕು. ಪ್ರಾರ್ಥನೆಯ ಸ್ವಾತಂತ್ರ್ಯ ಅವರಿಗೆ 1609ರಲ್ಲೇ ಸಿಕ್ಕಿತ್ತು. ಮತ್ತೆ ಅಲ್ಲಿಂದ ಹೊರಟದ್ದೇಕೆ? ಬಟ್ಟೆ ನೇಯುವ ಕೆಲಸದಲ್ಲಿ ಮೈಮುರಿಯುವ ದುಡಿಮೆ. ಮಕ್ಕಳು ಡಚ್ಚರಾಗಿ ಹೋಗುತ್ತಿದ್ದರು. ಸ್ಪೇನ್ ಜೊತೆಗಿನ ಕದನವಿರಾಮ 1621ಕ್ಕೆ ಮುಗಿಯುವುದಿತ್ತು, ಯುದ್ಧದ ಭಯ. ಮಕ್ಕಳು ಮನೆಮಾತು ಮರೆಯುತ್ತಾರೆಂಬ ಅವರ ದಿಗಿಲು ಓದುವಾಗಲೆಲ್ಲ ನನಗೆ ಎದೆಗೆ ತಾಗುತ್ತದೆ. ಇಲ್ಲಿನ ಪ್ರತಿ ಕನ್ನಡ ಮನೆಯಲ್ಲೂ ಆ ದಿಗಿಲಿದೆ.

1620ರ ಸೆಪ್ಟೆಂಬರಿನಲ್ಲಿ ಮೇಫ್ಲವರ್ ಹೊರಟಿತು, 102 ಪ್ರಯಾಣಿಕರು. ಅವರಲ್ಲಿ ಲೈಡನ್‌ನ ಭಕ್ತರು ಅರ್ಧಕ್ಕಿಂತ ಕಡಿಮೆ, ಉಳಿದವರು ಬದುಕು ಹುಡುಕಿ ಬಂದವರು. 66 ದಿನದ ಮೇಲೆ ನೆಲ ಕಂಡಿತು, ಅದೂ ಹೋಗಬೇಕಾದ ಜಾಗದಿಂದ ಬಹಳ ಉತ್ತರಕ್ಕೆ. ನವೆಂಬರ್ 11ರಂದು 41 ಗಂಡಸರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಮೊದಲ ಸಾಲುಗಳಲ್ಲೇ ಅವರು ತಮ್ಮನ್ನು ಜೇಮ್ಸ್ ರಾಜನ ನಿಷ್ಠಾವಂತ ಪ್ರಜೆಗಳೆಂದು ಕರೆದುಕೊಂಡಿದ್ದಾರೆ. ಯಾರ ಚರ್ಚಿನಿಂದ ಓಡಿಬಂದರೋ ಆ ರಾಜನನ್ನು ಬಿಟ್ಟಿರಲಿಲ್ಲ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಅರ್ಧ ಜನ ತೀರಿಹೋಗಿದ್ದರು.

ಅವರು ಮನೆ ಕಟ್ಟಿದ ನೆಲ ಖಾಲಿ ಕಾಡಲ್ಲ. ಅದು ಪಟಕ್ಸೆಟ್ ಎಂಬ ವಾಂಪನೋಗ್ ಜನರ ಊರು, ಉತ್ತು ಬಿತ್ತಿದ ಹೊಲ. 1616ರಿಂದ 1619ರವರೆಗೆ ಯುರೋಪಿನ ಹಡಗುಗಳ ಜೊತೆ ಬಂದ ರೋಗ ಇಡೀ ಊರನ್ನೇ ಗುಡಿಸಿಹಾಕಿತ್ತು. ಆ ಊರಿನ ಟಿಸ್ಕ್ವಾಂಟಮ್‌ನನ್ನು 1614ರಲ್ಲೇ ಒಬ್ಬ ಇಂಗ್ಲಿಷ್ ಕಪ್ತಾನ ಹಿಡಿದೊಯ್ದು ಸ್ಪೇನಿನಲ್ಲಿ ಮಾರಲು ನೋಡಿದ್ದ. ಅವನು ಇಂಗ್ಲೆಂಡಿನ ಮೂಲಕ 1619ರಲ್ಲಿ ತಿರುಗಿ ಬಂದಾಗ ಮಾತಾಡಿಸುವವರು ಒಬ್ಬರೂ ಇರಲಿಲ್ಲ. ಹಾಗೆ ಉಳಿದ ಮನುಷ್ಯನೇ ಹೊಸಬರಿಗೆ ಜೋಳ ಬಿತ್ತುವುದನ್ನು ಕಲಿಸಿದ್ದು. ವಾಂಪನೋಗರ ನಾಯಕ ಮಸಸೋಯಿಟ್ 1621ರಲ್ಲಿ ಅವರೊಂದಿಗೆ ಶಾಂತಿಯ ಮಾತು ಕೊಟ್ಟ, ಸಾಯುವವರೆಗೂ ನಡೆಸಿದ. ಅವನ ಮಗ ಮೆಟಾಕಮ್ 1675ರಲ್ಲಿ, ನೆಲವೆಲ್ಲ ಕೈಬಿಟ್ಟುಹೋಗುತ್ತಿರುವುದನ್ನು ಕಂಡು ಯುದ್ಧಕ್ಕೆ ನಿಂತು ಸೋತ. ಅವನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಚುಚ್ಚಿ ಇಪ್ಪತ್ತು ವರ್ಷಕ್ಕೂ ಮೇಲೆ ಇಟ್ಟಿದ್ದರು.

1970ರಿಂದ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಸೇರಿ ಶೋಕದ ದಿನ ಆಚರಿಸುತ್ತಾರೆ. ಮೇಫ್ಲವರ್ ಜನ ಕಾಲಿಟ್ಟರೆಂದು ಹೇಳುವ ಅಲ್ಲಿಯ ಬಂಡೆಯನ್ನು ನೋಡಲು ಹೋಗುವವರು ಆ ಗುಡ್ಡವನ್ನೂ ಹತ್ತಬೇಕು.


ಲೆಕ್ಕದಪುಸ್ತಕ
ಭಾನುವಾರ, ರಾತ್ರಿ 8:20

ಎಲ್ಲರೂ ಪ್ರಾರ್ಥನೆಯ ಸುತ್ತಲೇ ಇದ್ದೀರಿ, ನಾನು ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಇಂಗ್ಲಿಷರ ಮೊದಲ ಗಟ್ಟಿ ನೆಲೆ ಪ್ಲಿಮತ್ ಅಲ್ಲ, 1607ರ ಜೇಮ್ಸ್‌ಟೌನ್. ಅದು ವರ್ಜೀನಿಯಾ ಕಂಪನಿ ಎಂಬ ಷೇರುದಾರರ ವ್ಯವಹಾರ. ಹುಡುಕಿದ್ದು ಬಂಗಾರ, ಕೊನೆಗೆ ಕೈಹಿಡಿದದ್ದು ಹೊಗೆಸೊಪ್ಪು. 1609–10ರ ಬರಗಾಲದಲ್ಲಿ ಸುಮಾರು 60 ಜನ ಮಾತ್ರ ಉಳಿದಿದ್ದರು.

ಮೇಫ್ಲವರ್‌ನ ಖರ್ಚು ಕೊಟ್ಟವರೂ ಲಂಡನ್ನಿನ ವ್ಯಾಪಾರಿಗಳೇ. ಏಳು ವರ್ಷ ದುಡಿದದ್ದೆಲ್ಲ ಒಟ್ಟು ಗಂಟಿಗೆ ಹಾಕಬೇಕು ಎಂಬ ಕರಾರು. ಬೀವರ್ ಚರ್ಮ ಮಾರಿ ಸಾಲ ತೀರಿಸಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಾಲದಲ್ಲಿ ಇಂಗ್ಲೆಂಡ್ ಬಿಟ್ಟವರಲ್ಲಿ ಬಹುಪಾಲು ಹೋದದ್ದು ಪ್ಯೂರಿಟನ್ ನಾಡಿಗಲ್ಲ. ಐರ್ಲೆಂಡಿಗೆ, ಬಾರ್ಬಡೋಸಿಗೆ, ವರ್ಜೀನಿಯಾಕ್ಕೆ. ನಾಲ್ಕರಿಂದ ಏಳು ವರ್ಷ ಜೀತಕ್ಕೆ ಬರೆದುಕೊಟ್ಟು ಹಡಗು ಹತ್ತಿದ ಬಡವರೇ ಜಾಸ್ತಿ. 1619ರಲ್ಲಿ ವರ್ಜೀನಿಯಾದ ಮೊದಲ ಜನಪ್ರತಿನಿಧಿ ಸಭೆ ಜೇಮ್ಸ್‌ಟೌನಿನ ಚರ್ಚಿನೊಳಗೇ ಸೇರಿತು. ಅದೇ ಬೇಸಿಗೆಯ ಕೊನೆಗೆ, ಅದೇ ವರ್ಜೀನಿಯಾಕ್ಕೆ, ಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಇಳಿಸಿದರು. "ಸ್ವಾತಂತ್ರ್ಯ ಹುಡುಕಿ ಬಂದರು" ಎನ್ನುವಾಗ ಇವರೆಲ್ಲರೂ ಕಣ್ಣಮುಂದೆ ಇರಲಿ.


ಹಳೇಪುಟ
ಭಾನುವಾರ, ರಾತ್ರಿ 9:10

ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ಜೇಮ್ಸ್‌ಟೌನಿನಲ್ಲೂ ಚರ್ಚ್ ರಾಜನದೇ. 1611ರ ಅಲ್ಲಿಯ ಕಾನೂನು ದಿನಕ್ಕೆ ಎರಡು ಹೊತ್ತು ಪ್ರಾರ್ಥನೆಗೆ ಬರಲೇಬೇಕು ಎಂದಿತ್ತು. ಮೊದಲ ಸಲ ತಪ್ಪಿದರೆ ಆ ದಿನದ ಪಡಿ ಇಲ್ಲ, ಎರಡನೇ ಸಲಕ್ಕೆ ಚಾಟಿ, ಮೂರನೇ ಸಲಕ್ಕೆ ಆರು ತಿಂಗಳು ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ವ್ಯಾಪಾರಿ ಕಂಪನಿಗೂ ಪ್ರಾರ್ಥನೆಯೇ ಶಿಸ್ತಿನ ಹಗ್ಗ.

ಇನ್ನು 1630ರ ಮ್ಯಾಸಚೂಸೆಟ್ಸ್. ಅದು ನಂಬಿಕೆಯಿಂದಲೇ ನಡೆದ ವಲಸೆ ಅನ್ನಲು ನನಗೊಂದು ಪುರಾವೆ ಕಾಣುತ್ತದೆ. ಮೊದಲನೇ ಚಾರ್ಲ್ಸ್ ರಾಜ, ಅವನ ಆರ್ಚ್‌ಬಿಷಪ್ ಲಾಡ್ ಇಬ್ಬರೂ ಪ್ಯೂರಿಟನ್ ಪಾದ್ರಿಗಳನ್ನು ಪೀಠದಿಂದ ಇಳಿಸುತ್ತಿದ್ದ ಹತ್ತು ವರ್ಷಗಳಲ್ಲಿ ಸುಮಾರು 20,000 ಜನ ನ್ಯೂ ಇಂಗ್ಲೆಂಡಿಗೆ ಹೋದರು. ಒಂಟಿ ಗಂಡಸರಲ್ಲ, ಹೆಂಡತಿ ಮಕ್ಕಳು ಸಮೇತ, ಕೆಲವು ಕಡೆ ಊರ ಪಾದ್ರಿಯ ಬೆನ್ನಿಗೆ ನೆರೆಹೊರೆಯೆಲ್ಲ. 1640ರಲ್ಲಿ ಪಾರ್ಲಿಮೆಂಟ್ ಸೇರಿತು, ಲಾಡ್ ಜೈಲಿಗೆ ಹೋದ, 1642ರಲ್ಲಿ ಅಂತರ್ಯುದ್ಧ ಶುರುವಾಯಿತು. ಆ ಕ್ಷಣದಿಂದ ವಲಸೆ ಬತ್ತಿಹೋಯಿತು, ಹೋದವರಲ್ಲಿ ಕೆಲವರು ವಾಪಸ್ಸೂ ಬಂದರು. ಬರೀ ಹೊಟ್ಟೆಪಾಡಾಗಿದ್ದರೆ ಲಾಡ್‌ನ ಬಂಧನದೊಂದಿಗೆ ಅದು ನಿಲ್ಲಬೇಕಾಗಿರಲಿಲ್ಲ.


ಲೆಕ್ಕದಪುಸ್ತಕ
ಭಾನುವಾರ, ರಾತ್ರಿ 9:32

ಈ ಪುರಾವೆ ಗಟ್ಟಿಯಾಗಿದೆ. ನ್ಯೂ ಇಂಗ್ಲೆಂಡಿನ ಮಟ್ಟಿಗೆ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ವರ್ಜೀನಿಯಾ, ಬಾರ್ಬಡೋಸಿನ ಮಟ್ಟಿಗೆ ಉಳಿಸಿಕೊಂಡಿದ್ದೇನೆ.


ತುಂಗಾತೀರ
ಸೋಮವಾರ, ಬೆಳಿಗ್ಗೆ 6:30

ರಾತ್ರಿ ಹನ್ನೊಂದರವರೆಗೆ ಅವಳಿಗೆ ಓದಿ ಹೇಳಿದೆ. ಟಿಸ್ಕ್ವಾಂಟಮ್‌ನ ಭಾಗ ಎರಡು ಸಲ ಓದಿಸಿದಳು. ಈಗ ಅವಳ ಮುಂದಿನ ಪ್ರಶ್ನೆ: "ಹೋದವರು ಅಲ್ಲಿ ಬೇರೆಯವರಿಗೆ ಸ್ವಾತಂತ್ರ್ಯ ಕೊಟ್ರಾ?"


ಬಾಸ್ಟನ್_ಪಕ್ಕದವಳು
ಸೋಮವಾರ, ಬೆಳಿಗ್ಗೆ 8:05

ಕೊಡಲಿಲ್ಲ. ಇದನ್ನು ಇಲ್ಲಿನವರು ಮುಚ್ಚಿಡುವುದಿಲ್ಲ, ಬಾಸ್ಟನ್‌ನ ರಾಜ್ಯಭವನದ ಎದುರು ಎರಡು ಪ್ರತಿಮೆಗಳೇ ಅದನ್ನು ಹೇಳುತ್ತವೆ.

ಒಂದು ಆ್ಯನ್ ಹಚಿನ್ಸನ್. ಮನೆಯಲ್ಲಿ ಹೆಂಗಸರನ್ನು ಸೇರಿಸಿ ಪಾದ್ರಿಯ ಪ್ರವಚನದ ಮೇಲೆ ಚರ್ಚೆ ನಡೆಸುತ್ತಿದ್ದಳು, ಅವಳ ಮಾತಿಗೆ ಗಂಡಸರೂ ಬರಲು ಶುರುಮಾಡಿದರು. 1637ರಲ್ಲಿ ವಿಚಾರಣೆ, ಗಡೀಪಾರಿನ ತೀರ್ಪು. ಮರುವರ್ಷ ಊರು ಬಿಟ್ಟಳು. ಇನ್ನೊಂದು ಮೇರಿ ಡಯರ್, ಪಾದ್ರಿಗಳೇ ಬೇಡ ಎನ್ನುವ ಕ್ವೇಕರ್ ಪಂಥದವಳು. ಗಡೀಪಾರು ಮಾಡಿದರೂ ತಿರುಗಿ ಬಂದಳು. 1659ರ ಅಕ್ಟೋಬರಿನಲ್ಲಿ ಜೊತೆಯ ಇಬ್ಬರನ್ನು ಅವಳ ಕಣ್ಣೆದುರೇ ನೇಣು ಹಾಕಿ, ಅವಳನ್ನು ಕುಣಿಕೆಯಿಂದ ಇಳಿಸಿ ಕಳಿಸಿಬಿಟ್ಟರು. ಮತ್ತೆ ಬಂದಳು. 1660ರ ಜೂನ್ 1ರಂದು ಗಲ್ಲಿಗೇರಿಸಿದರು. ನಾನು ಆ ಪ್ರತಿಮೆಯ ಮುಂದೆ ಮಧ್ಯಾಹ್ನದ ಬುತ್ತಿ ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಕೈಕಟ್ಟಿ, ತಲೆ ಬಾಗಿಸಿ, ಸುಮ್ಮನೆ ಕೂತ ಹೆಂಗಸು.

ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ, 1659ರಿಂದ 1681ರವರೆಗೆ. ಅದು ಬೈಬಲಿನಲ್ಲಿಲ್ಲದ ಹಬ್ಬ ಎಂಬ ಕಾರಣಕ್ಕೆ. 1631ರಿಂದಲೇ ಓಟು ಹಾಕುವ ಹಕ್ಕು ಚರ್ಚಿನ ಸದಸ್ಯರಿಗೆ ಮಾತ್ರ. ಎಲಿಜಬೆತ್ ಮಾಡಿದ್ದನ್ನೇ ಇವರೂ ಮಾಡಿದರು: ಊರಿಗೊಂದೇ ಪ್ರಾರ್ಥನೆ, ತಪ್ಪಿದವನು ಊರಿನ ಶತ್ರು.


ದಾವಣಗೆರೆ_ಮೇಷ್ಟ್ರು
ಸೋಮವಾರ, ಬೆಳಿಗ್ಗೆ 10:50

ಕ್ವೇಕರರ ಕೊಲೆ ನಿಲ್ಲಿಸಿದ್ದು ಯಾರು ಗೊತ್ತೇ? ರಾಜ. 1661ರಲ್ಲಿ ಎರಡನೇ ಚಾರ್ಲ್ಸ್ ಕ್ವೇಕರರನ್ನು ಕೊಲ್ಲಬಾರದೆಂದು ಬಾಸ್ಟನ್ನಿಗೆ ಆಜ್ಞೆ ಕಳಿಸಿದ. ಅದನ್ನು ಒಯ್ದವನು ಸ್ಯಾಮ್ಯುಯೆಲ್ ಶಟಕ್, ಅಲ್ಲಿಂದಲೇ ಗಡೀಪಾರಾಗಿದ್ದ ಕ್ವೇಕರ್. ತನ್ನನ್ನು ಹೊರದಬ್ಬಿದವರ ಮುಂದೆಯೇ ರಾಜಪತ್ರ ಹಿಡಿದು ನಿಂತ. ಚಾಟಿ ಏಟು ಮಾತ್ರ ಮುಂದೆಯೂ ನಿಲ್ಲಲಿಲ್ಲ.

ಮಗಳಿಗೆ ರೋಜರ್ ವಿಲಿಯಮ್ಸ್‌ನ ಕಥೆಯನ್ನೂ ಹೇಳಿ. ಮನಸ್ಸಾಕ್ಷಿಯ ವಿಷಯದಲ್ಲಿ ಸರ್ಕಾರ ಕೈಹಾಕಬಾರದು, ಮೂಲನಿವಾಸಿಗಳ ನೆಲವನ್ನು ದಾನ ಕೊಡಲು ರಾಜ ಯಾರು ಎಂದು ಕೇಳಿದ ಪಾದ್ರಿ ಅವನು. 1635ರಲ್ಲಿ ಬಹಿಷ್ಕಾರ ಹಾಕಿದರು. 1636ರ ಆರಂಭದ ಹಿಮದಲ್ಲಿ ಓಡಿಹೋಗಿ, ಮೂಲನಿವಾಸಿಗಳ ಆಸರೆಯಲ್ಲಿ ಬದುಕಿ, ನರಗ್ಯಾನ್ಸೆಟ್ ಜನರಿಂದ ನೆಲ ಪಡೆದು ಪ್ರಾವಿಡೆನ್ಸ್ ಊರು ಕಟ್ಟಿದ. ಅಲ್ಲಿ ಯಾವ ನಂಬಿಕೆಯವರಿಗೂ ತಡೆಯಿರಲಿಲ್ಲ. ಆ ಜನರ ಭಾಷೆ ಕಲಿತು 1643ರಲ್ಲಿ ಅದರ ಮೇಲೆ ಪುಸ್ತಕವನ್ನೂ ಅಚ್ಚುಮಾಡಿಸಿದ. ಕ್ಯಾಥೊಲಿಕ್ ಕ್ಯಾಲ್ವರ್ಟ್ ಮನೆತನ 1634ರಲ್ಲಿ ಮೇರಿಲ್ಯಾಂಡ್ ಕಟ್ಟಿತು. ಅದರ 1649ರ ಸಹಿಷ್ಣುತೆಯ ಕಾಯ್ದೆ ತ್ರಿತ್ವವನ್ನು (ತಂದೆ, ಮಗ, ಪವಿತ್ರಾತ್ಮ ಮೂರೂ ಒಬ್ಬನೇ ದೇವರು ಎಂಬುದನ್ನು) ನಂಬುವ ಎಲ್ಲ ಕ್ರೈಸ್ತರಿಗೂ ರಕ್ಷಣೆ ಕೊಟ್ಟಿತು, ತ್ರಿತ್ವವನ್ನು ಅಲ್ಲಗಳೆದರೆ ಮರಣದಂಡನೆ ಎಂದೂ ಬರೆಯಿತು. ವಿಲಿಯಮ್ಸ್ ಅದಕ್ಕಿಂತ ಬಹಳ ಮುಂದೆ ಹೋಗಿದ್ದ.


ನುಡಿಜೇನು
ಸೋಮವಾರ, ಮಧ್ಯಾಹ್ನ 1:20

ಭಾಷೆಗೆ ಮತ್ತೆ ಬರುತ್ತೇನೆ, ಕ್ಷಮಿಸಿ. ಜಾನ್ ಎಲಿಯಟ್ ಎಂಬ ಪ್ಯೂರಿಟನ್ ಪಾದ್ರಿ ಮೂಲನಿವಾಸಿಗಳ ನೆರವಿನಿಂದ ಅವರ ಭಾಷೆಗೆ ತಂದ ಬೈಬಲ್ 1663ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲೇ ಅಚ್ಚಾಯಿತು. ಅಮೆರಿಕದಲ್ಲಿ ಮುದ್ರಣವಾದ ಮೊದಲ ಪೂರ್ತಿ ಬೈಬಲ್ ಅದೇ, ಇಂಗ್ಲಿಷಿನದಲ್ಲ. ಮತಾಂತರಕ್ಕೆಂದು ಮಾಡಿದ ಪುಸ್ತಕ. ನೂರು ವರ್ಷಕ್ಕೂ ಹೆಚ್ಚು ಕಾಲ ಮಾತಾಡುವವರೇ ಇಲ್ಲದ ಆ ಭಾಷೆಯನ್ನು ವಾಂಪನೋಗರು 1990ರ ದಶಕದಿಂದ ಮತ್ತೆ ನಾಲಿಗೆಗೆ ತಂದುಕೊಳ್ಳುತ್ತಿದ್ದಾರೆ. ಅದಕ್ಕೆ ಆಧಾರವಾದ ಹಳೆಯ ಬರಹಗಳಲ್ಲಿ ಈ ಬೈಬಲೂ ಒಂದು.


ಕಡಲತಡಿ_ಕಾರವಾರ
ಸೋಮವಾರ, ಸಂಜೆ 5:45

ನಮ್ಮೂರೂ ಈ ಕಥೆಯೊಳಗಿದೆ. ಎಲಿಜಬೆತ್ 1600ರ ಡಿಸೆಂಬರ್ 31ರಂದು ಸನ್ನದು ಕೊಟ್ಟ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಥಾಮಸ್ ಸ್ಮಿತ್. ಮುಂದೆ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಜೇಮ್ಸ್‌ಟೌನಿನ ಲೆಕ್ಕ ನೋಡಿದವನೂ ಅವನೇ. ಒಂದೇ ಊರಿನ ವ್ಯಾಪಾರಿಗಳ ದುಡ್ಡು ಪೂರ್ವಕ್ಕೂ ಪಶ್ಚಿಮಕ್ಕೂ ಹರಿದಿತ್ತು.

ಪ್ಯೂರಿಟನ್ನರನ್ನು ಓಡಿಸುತ್ತಿದ್ದ ಅದೇ ಮೊದಲನೇ ಚಾರ್ಲ್ಸ್, 1629ರಿಂದ 1640ರವರೆಗೆ ಪಾರ್ಲಿಮೆಂಟ್ ಕರೆಯದೆ ಆಳಿದ, ಹಾಗಾಗಿ ಕಾಸಿಗೆ ದಾರಿ ಹುಡುಕುತ್ತಿದ್ದ. 1635ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಮುರಿದು ವಿಲಿಯಂ ಕೋರ್ಟೀನ್‌ನ ಕೂಟಕ್ಕೂ ಪೂರ್ವದ ವ್ಯಾಪಾರದ ಅಪ್ಪಣೆ ಕೊಟ್ಟ. ಆ ಕೂಟ 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆಯಿತು. ಕಾಳುಮೆಣಸು, ಘಟ್ಟದ ಮೇಲಿನ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿದ್ದವು. ಮ್ಯಾಸಚೂಸೆಟ್ಸ್‌ಗೆ ಜನ ಹೋಗುತ್ತಿದ್ದ ಅದೇ ವರ್ಷಗಳಲ್ಲಿ ಕಾಳಿ ನದಿಯ ಬಾಯಲ್ಲಿ ಇಂಗ್ಲಿಷರ ತಕ್ಕಡಿ ತೂಗುತ್ತಿತ್ತು.


ಬಳ್ಳಾರಿ_ಬಿಸಿಲು
ಸೋಮವಾರ, ರಾತ್ರಿ 8:15

ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನವನು, ಅಜ್ಜನ ಕಾಲದಿಂದ. ಈ ಚರ್ಚೆ ಓದುತ್ತಾ ನನಗೆ ನಮ್ಮ ಚರ್ಚಿನದೇ ಕಥೆ ತಿಳಿದಂತಾಯಿತು.

1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು. ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು. ಆ ಮಿಷನ್ ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಸಭೆಯೇ ತನ್ನ ಪಾದ್ರಿಯನ್ನು ಆರಿಸಬೇಕು, ಬಿಷಪ್ ಬೇಡ ಎನ್ನುವ ಪಂಥದವರು, ಅಂದರೆ ಮೇಲೆ ಬರೆದ ಆ ಬೇರ್ಪಟ್ಟವರ ಬಳಿಯವರೇ. ಇತ್ತ ಬೆಂಗಳೂರು ದಂಡಿನಲ್ಲಿ 1808ರಲ್ಲಿ ಶುರುವಾದ ಸೇಂಟ್ ಮಾರ್ಕ್ಸ್ ಚರ್ಚ್ ರಾಜನ ಚರ್ಚ್, ಸೈನಿಕರಿಗೆಂದು ಕಟ್ಟಿದ್ದು. ಇಂಗ್ಲೆಂಡಿನಲ್ಲಿ ಗಲ್ಲಿಗೇರಿಸಿದವರ, ಗಲ್ಲಿಗೇರಿದವರ ಎರಡು ಪರಂಪರೆಗಳೂ ಕನ್ನಡ ನೆಲದಲ್ಲಿ ಅಕ್ಕಪಕ್ಕ ಬೆಳೆದವು.

1927ರ ಕಾಯ್ದೆ ಭಾರತದ ಆಂಗ್ಲಿಕನ್ ಚರ್ಚನ್ನು ಇಂಗ್ಲೆಂಡಿನ ರಾಜನ ಚರ್ಚಿನಿಂದ ಬಿಡಿಸಿತು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಸುಮಾರು ಆರು ವಾರಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಬಿಷಪ್ ಬೇಕೆನ್ನುವ ಆಂಗ್ಲಿಕನ್ನರೂ ಬೇಡವೆನ್ನುವ ಪಂಥಗಳೂ ಮೆಥೊಡಿಸ್ಟರೂ ಸೇರಿ ಒಂದೇ ಸಭೆಯಾದರು. ಅದೇ ದಕ್ಷಿಣ ಭಾರತ ಸಭೆ. ಬಿಷಪ್ ಉಳಿದ, ಆದರೆ ಅವನನ್ನು ನೇಮಿಸಲು ಯಾವ ರಾಜನೂ ಇಲ್ಲ. ಸೇಂಟ್ ಮಾರ್ಕ್ಸ್ ಈಗ ಅದೇ ಸಭೆಯ ಕೆಥೆಡ್ರಲ್. ನನ್ನಜ್ಜ ಆ 1947ರ ಸುದ್ದಿಯನ್ನು ಕೊನೆಯವರೆಗೂ ಹೇಳುತ್ತಿದ್ದರು, ಯಾಕೆ ಅಷ್ಟು ದೊಡ್ಡದೆಂದು ನನಗೆ ಇವತ್ತು ಗೊತ್ತಾಯಿತು.


ತುಂಗಾತೀರ
ಸೋಮವಾರ, ರಾತ್ರಿ 9:55

ಬಳ್ಳಾರಿಯವರ ಬರಹ ಓದಿ ಸುಮ್ಮನೆ ಕೂತೆ. ಎಲ್ಲರಿಗೂ ಕೈಮುಗಿದೆ. ಮಗಳದು ಒಂದೇ ಒಂದು ಉಳಿದಿದೆ: ಈಗಿನ ರಾಜನೂ ಚರ್ಚಿಗೆ ಯಜಮಾನನೇ?


ಹಳೇಪುಟ
ಸೋಮವಾರ, ರಾತ್ರಿ 10:20

ಹೌದು, ಇಂಗ್ಲೆಂಡಿನಲ್ಲಿ. ಎಲಿಜಬೆತ್ 1559ರಲ್ಲಿ ಇಟ್ಟುಕೊಂಡ "ಪರಮ ಅಧಿಕಾರಿ" ಎಂಬ ಹೆಸರೇ ಮೂರನೇ ಚಾರ್ಲ್ಸನಿಗೂ ಇದೆ. ಬಿಷಪ್ಪರ ನೇಮಕ ಅವನ ಹೆಸರಿನಲ್ಲೇ ಆಗುತ್ತದೆ, ಪ್ರಧಾನಿಯ ಸಲಹೆಯಂತೆ. ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಸ್ಥಾನ ಮೀಸಲಿದೆ. 1701ರ ಕಾಯ್ದೆಯಂತೆ ಕ್ಯಾಥೊಲಿಕ್ ಆದವರು ಇವತ್ತಿಗೂ ಸಿಂಹಾಸನ ಏರುವಂತಿಲ್ಲ. ಕ್ಯಾಥೊಲಿಕರನ್ನು ಮದುವೆಯಾದವರು ಏರಬಹುದೆಂದು 2013ರಲ್ಲಿ ತಿದ್ದಿದರು. ಐರ್ಲೆಂಡಿನ ಚರ್ಚ್ 1871ರಲ್ಲಿ, ವೇಲ್ಸ್‌ನದು 1920ರಲ್ಲಿ ರಾಜ್ಯದಿಂದ ಬೇರೆಯಾದವು. ಸ್ಕಾಟ್ಲೆಂಡಿನ ಚರ್ಚಿಗೆ ರಾಜ ಯಜಮಾನನಲ್ಲ.

ಮನೆಯಲ್ಲಿ ಬ್ರಿಟನ್ನಿನ ನಾಣ್ಯ ಇದ್ದರೆ ಮುಖದ ಸುತ್ತಲ ಅಕ್ಷರ ನೋಡಲು ಹೇಳಿ. ಎಫ್, ಡಿ ಎಂಬ ಎರಡಕ್ಷರ ಇರುತ್ತದೆ. ಅದು 1521ರಲ್ಲಿ ಪೋಪ್ ಹೆನ್ರಿಗೆ ಕೊಟ್ಟ ಬಿರುದಿನ ಲ್ಯಾಟಿನ್ ಮೊದಲಕ್ಷರಗಳು. ಪೋಪ್ ಹಿಂದಕ್ಕೆ ಕಿತ್ತುಕೊಂಡ, ಪಾರ್ಲಿಮೆಂಟು ಮತ್ತೆ ಕೊಟ್ಟಿತು.


ತುಂಗಾತೀರ
ಸೋಮವಾರ, ರಾತ್ರಿ 10:48

ನನ್ನ ತಮ್ಮ ಲಂಡನ್‌ನಿಂದ ಬಂದಾಗ ಕೊಟ್ಟಿದ್ದ ಒಂದು ಪೌಂಡ್ ನಾಣ್ಯ ದೇವರ ಮನೆಯ ಡಬ್ಬಿಯಲ್ಲಿತ್ತು. ಅವಳೇ ಹುಡುಕಿ ತಂದಳು. ಟಾರ್ಚ್ ಬಿಟ್ಟು ನೋಡಿದೆವು. ಇದೆ, ರಾಣಿಯ ಮುಖದ ಪಕ್ಕದಲ್ಲೇ.